ಸುಣ್ಣದ ಬಳ್ಳಿಯ ತವರು

ಇವತ್ತು ಪಂಚಮಿ. ಎದ್ದು ಅಂಗಳಕ್ಕೆ ನೀರು ಹೊಡೆದೆ. ನಲ್ಲಿ ಬಂದಿತ್ತು, ಇದ್ದಬದ್ದ ಕೊಡಗಳನ್ನೆಲ್ಲ ತುಂಬಿಟ್ಟೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಎರೆದೆ. ನಾಗಪ್ಪನ ಕಲ್ಲಿಗೆ ಹಾಲೆರೆದು ಬಂದೆ. ಹೂರಣ ರುಬ್ಬಿ ಕಡುಬು ಬೇಯಿಸಿದೆ. ನಮ್ಮಲ್ಲಿ ಈ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ, ಚಾಕು ಈಳಿಗೆ ಮುಟ್ಟುವುದಿಲ್ಲ, ಮಣ್ಣು ಅಗೆಯುವುದಿಲ್ಲ. ಮೊನ್ನೆ ಕಟ್ಟಿದ ಶೇಂಗಾ ಉಂಡಿಗಳನ್ನು ಡಬ್ಬಿಯಿಂದ ಬುಟ್ಟಿಗೆ ತೆಗೆದಿಟ್ಟೆ. ಕೊನೆಗೆ ಹಳೆಯ ಧೋತರದ ತುಂಡೊಂದನ್ನು ಒದ್ದೆ ಮಾಡಿ ಹಿಂಡಿ, ಪಡಸಾಲೆಯ ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಒರೆಸಿದೆ. ವಾಡಿಯ ಸಿಮೆಂಟು ಧೂಳಿನ ಗಾಳಿಯಲ್ಲಿ ಒಂದು ದಿನ ಬಿಟ್ಟರೂ ಎಲೆ ಬೂದಿಬಣ್ಣಕ್ಕೆ ತಿರುಗುತ್ತದೆ.

ಒರೆಸುವುದನ್ನು ಕಲಿಸಿದವರು ಪಕ್ಕದ ಮನೆಯ ಅಕ್ಕೋರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಡೀ ಓಣಿಗೆ ಅವರು ಬರೀ ಅಕ್ಕೋರು. ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗೆ ಒಣಗಿ ಸೀಳಿರುತ್ತಿದ್ದವು. ಮೊದಲು ಬೋರ್ಡಿನ ಮೇಲೆ ಬರೆಯುವ ಖಡುವಿನ ಪುಡಿಯಿಂದ, ಆಮೇಲೆ ಎಲೆಯ ಮೇಲಿನ ಧೂಳಿನಿಂದ. ಎಲೆಯನ್ನು ಕೆಳಗಿನಿಂದ ಅಂಗೈಯಲ್ಲಿ ಹಿಡಿಯುತ್ತಿದ್ದರು, ಎಳೆಗೂಸಿನ ತಲೆ ಹಿಡಿದ ಹಾಗೆ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಏ ಹಿಂದಿನ ಬೆಂಚಿನವ್ನ, ಗ್ವಾಡಿ ಕಡಿ ಏನ್ ನೋಡ್ಲಿಕತ್ತಿ? ಬೆಳಕಿನ ಕಡಿ ಮಾರಿ ಮಾಡು!" ಎಂದು ಕುಂಡಾ ತಿರುಗಿಸುತ್ತಿದ್ದರು.

ಮದುವೆ ಆಗಿರಲಿಲ್ಲ. ಶಹಾಬಾದ ಕಲ್ಲು ಹಾಸಿದ ಸಣ್ಣ ಮನೆ, ಅದರ ಪಡಸಾಲೆಯ ತುಂಬ ಗಿಡ. ಅವುಗಳೊಳಗೆ ಒಂದು, ಮನಿ ಪ್ಲಾಂಟಿನ ಜಾತಿಯ ದೊಡ್ಡೆಲೆಯ ಬಳ್ಳಿ. ವರ್ಷಾನುಗಟ್ಟಲೆ ಹಸಿರಾಗಿಯೇ ಇತ್ತಂತೆ. ಒಂದು ಬೇಸಿಗೆಯಲ್ಲಿ ಒಂದು ಗೆಣ್ಣಿನಿಂದ ಬಂದ ಎಲೆ ಅರ್ಧ ಹಸಿರು, ಅರ್ಧ ಬಿಳಿ. ಸುಣ್ಣದ ಕುಂಚ ಝಾಡಿಸಿದ ಹಾಗೆ. ಆ ಕವಲನ್ನಷ್ಟೇ ಬೇರೆ ಮಾಡಿ ಬೆಳೆಸಿದರು. ಸುಣ್ಣದ ಬಳ್ಳಿ ಎಂಬ ಹೆಸರು ತಾನಾಗಿಯೇ ಬಿತ್ತು. ಅಂಥದ್ದು ಬೇರೆಲ್ಲೂ ಇರಲಿಲ್ಲ. ಸೇಡಂನಿಂದ, ಚಿಂಚೋಳಿಯಿಂದ, ಶಹಾಬಾದದಿಂದ ಗಿಡದ ಹುಚ್ಚಿನ ಹೆಂಗಸರು ಹುಡುಕಿಕೊಂಡು ಬಂದರು.

ಬಿಳಿ ಇದ್ದಷ್ಟೂ ಗಿಡ ನಿಧಾನ. ವರ್ಷಕ್ಕೆ ಒಂದು ತುಂಡು ಕೊಡುವಷ್ಟು ಬೆಳೆದರೆ ಹೆಚ್ಚು. ಅದಕ್ಕೇ ಅಕ್ಕೋರು ಪದ್ಧತಿಯೊಂದನ್ನು ಇಟ್ಟುಕೊಂಡಿದ್ದರು. ಪಂಚಮಿಯ ಹಿಂದಿನ ದಿನ, ರೊಟ್ಟಿ ಬಡಿದ ಮೇಲೆ, ಒಂದು ತುಂಡು ಕತ್ತರಿಸಿ ಲೋಟದ ನೀರಿನಲ್ಲಿ ಇಡುವುದು. ಪಂಚಮಿಯ ದಿನ, ಸರದಿ ಯಾರದೋ ಅವರನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಬಳ್ಳಿಯನ್ನೂ ಉಡಿಗೆ ಹಾಕುವುದು. ಆ ದಿನ ಮಣ್ಣು ಅಗೆಯುವಂತಿಲ್ಲ, ಹಾಗಾಗಿ ನೆಡುವುದು ಮರುದಿನ. "ಅಷ್ಟರಾಗ ಗಾಯನೂ ಒಣಗ್ತದ" ಎನ್ನುತ್ತಿದ್ದರು ಅಕ್ಕೋರು. ಅಲ್ಲಿಂದ ಆ ಮನೆ ಬಳ್ಳಿಗೆ ಗಂಡನ ಮನೆ, ಅಕ್ಕೋರ ಮನೆ ತವರು. ನಿಮ್ಮದು ಸತ್ತರೆ ತವರು ಇನ್ನೊಂದು ಕೊಡಬೇಕು. ತವರಿನದು ಸತ್ತರೆ ಮಗಳ ಮನೆಯವರು ತಂದು ಕೊಡಬೇಕು. ಅದೊಂದೇ ಕರಾರು.

"ಮದಿವಿ ಆಗದಾಕಿ ಉಡಿ ತುಂಬೂದಂದ್ರ ಏನದು?" ಎಂದು ಮೊದಲು ಮೂಗು ಮುರಿದವರು ನಮ್ಮತ್ತೆ. ಮರುವರ್ಷ ಎಲ್ಲರಿಗಿಂತ ಮುಂದೆ ಮಣೆಯ ಮೇಲೆ ಕೂತವರೂ ಅವರೇ. ಆದರೆ ನಮ್ಮ ಬಳ್ಳಿ ಮೊದಲ ಬೇಸಿಗೆಯನ್ನೇ ದಾಟಲಿಲ್ಲ. "ಪಕ್ಕದ ಮನಿಗಿ ಇನ್ನೊಂದ್ಯಾಕ್ರಿ, ದಿನಾ ನೋಡೂದೇ ಇರ್ತದ" ಎಂದು ನಾನೇ ಸರದಿ ಬಿಟ್ಟುಕೊಟ್ಟೆ.

ಪಂಚಮಿ ಬಂತೆಂದರೆ ಅಕ್ಕೋರ ಮನೆ ತುಂಬುತ್ತಿತ್ತು. ಮೊದಲೇ ಬಳ್ಳಿ ಒಯ್ದವರು, ಸರದಿಗೆ ಕಾಯುವವರು, ತಮ್ಮ ಬಳ್ಳಿಯ ಫೋಟೋ ತೋರಿಸುವವರು. ಅಕ್ಕೋರು ಮೊದಲೇ ಉಂಡಿ ಕಟ್ಟಿಡುತ್ತಿದ್ದರು. ಅಣ್ಣನ ಸಂಸಾರ ದೂರದಲ್ಲಿತ್ತು, ಅವರು ಬರುತ್ತಿರಲಿಲ್ಲ. ವರ್ಷದಲ್ಲಿ ಆ ಮನೆಯೊಳಗೆ ನಗು ಕೇಳಿಸುತ್ತಿದ್ದದ್ದು ಅದೊಂದು ದಿನ.

ಆ ದಿನವನ್ನು ಕೆಡಿಸಿದ್ದು ಯಾವುದು ಎಂದು ಕೇಳಿದರೆ ಎಲ್ಲರೂ ಲ್ಯಾಬು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಕೆಟ್ಟದ್ದು ಅದಕ್ಕೂ ಒಂದು ವರ್ಷ ಮೊದಲು.

ಅಕ್ಕೋರ ಶಾಲೆಯಲ್ಲಿ ಕಸ ಹೊಡೆದು ಗಂಟೆ ಬಾರಿಸುತ್ತಿದ್ದ ಆಯಾ ಸರದಿಗಾಗಿ ಎಷ್ಟೋ ವರ್ಷ ಕಾದಿದ್ದಳು. ಮನೆ ಶಹಾಬಾದದ ಕಲ್ಲಿನ ಖಣಿಗಳ ಹತ್ತಿರ, ತಗಡಿನ ಪತ್ರಾ ಹೊದಿಸಿದ್ದು. ಆ ಪಂಚಮಿಗೆ ಅವಳ ಸರದಿ. ಹೊಸ ಸೀರೆ ಉಟ್ಟು, ಬಾಗಿಲ ಹೊರಗೆ ಚಪ್ಪಲಿಯ ಹತ್ತಿರವೇ ಕೂತಿದ್ದಳು. ಅಷ್ಟರಲ್ಲಿ ಚಿತ್ತಾಪುರದ ವಕೀಲರ ಹೆಂಡತಿ ಪ್ಯಾಸೆಂಜರ್ ಗಾಡಿ ಇಳಿದು ಬಂದರು. ಅವರನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು. ಒಂದು ಬಳ್ಳಿ ಮೊದಲೇ ಒಯ್ದಿದ್ದರು, ಎರಡನೆಯದು ಬೇಕಿತ್ತು.

"ಅಕ್ಕೋರ, ಆಕಿ ಪತ್ರಾದ ಮನ್ಯಾಗ ಎಲ್ಲಿಡ್ತಾಳ್ರಿ? ಬ್ಯಾಸಗ್ಯಾಗ ಮನಶೇರೇ ಬೇಯ್ತಾರ ಅಲ್ಲಿ. ಸುಮ್ಮ ಒಂದು ಜೀವ ಹಾಳು. ಮುಂದಿನ ವರ್ಷ ಕೊಡ್ರಿ ಆಕಿಗಿ."

ಅಲ್ಲಿದ್ದವರೆಲ್ಲ ಹೌದು ಹೌದು ಎಂದರು. ಅವಳ ಜೊತೆ ಒಂದೇ ಜಮಖಾನೆಯ ಮೇಲೆ ಕೂಡಲು ಅವರಿಗೆ ಮನಸ್ಸಿರಲಿಲ್ಲ ಎಂಬುದು ಬೇರೆ ಮಾತು. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಬೇಯುವ ಗಿಡದ ಮೇಲೆ ಎಲ್ಲರಿಗೂ ಒಮ್ಮೆಲೇ ಕರುಣೆ ಉಕ್ಕಿತು. ಆಯಾ ತಾನಾಗಿಯೇ ಎದ್ದು, "ಇರಲಿ ಬಿಡ್ರಿ ಅಕ್ಕೋರ, ವೈನಿಯೋರು ದೂರಿಂದ ಬಂದಾರ" ಎಂದಳು. ಅಕ್ಕೋರು ತುಂಡನ್ನು ವೈನಿಯ ಉಡಿಗೆ ಹಾಕಿದರು. ಎಲ್ಲರೂ ಹೋದ ಮೇಲೆ ನನಗೆ ಹೇಳಿದರು: "ತಂಗಿ, ಇದ್ದದ್ದು ಒಂದ ಆದ್ರ ಅದು ಯಾವಾಗಲೂ ಜೋರಿದ್ದವರ ಪಾಲು. ಸರದಿ ಅಂಬೂದು ಸುಳ್ಳು."

ಮುಂದಿನ ಪಂಚಮಿಗೆ ಒಬ್ಬ ಬಂದ. ಹೊರಗಿನ ಊರಿನ ಯಾವುದೋ ಲ್ಯಾಬಿನವನು. ಫೋಟೋ ನೋಡಿ ಬಂದಿದ್ದ. ಚೀಲದಿಂದ ಬ್ಲೇಡು ತೆಗೆಯುತ್ತಲೇ ಅಕ್ಕೋರು ತಡೆದರು. "ಇವತ್ತು ಹಚ್ಚಬ್ಯಾಡ್ರಿ. ಸೈನ್ಸ್ ಕಲಿಸಿದಾಕಿ ನಾನು, ಖರೆ. ಆದ್ರ ಬಳ್ಳಿಗೂ ಒಂದಿನ ಸೂಟಿ ಬೇಕಲ್ಲ?" ಅವನು ಕಲಬುರಗಿಗೆ ಹೋಗಿ ಉಳಿದು ಮರುದಿನ ಮತ್ತೆ ಬರಬೇಕಾಯಿತು.

ಅವನು ಬಂದಾಗ ಅವನ ಮುಂದೆಯೇ ಅಕ್ಕೋರು ನಮ್ಮತ್ತೆಗೆ ತಿಳಿಸಿ ಹೇಳಿದರು. "ನಿಮ್ಮ ತಮ್ಮ ಹೊಲದಾಗ ಟಿಶ್ಯೂ ಬಾಳಿ ಗಿಡಾ ಹಚ್ಚ್ಯಾನಲ್ರಿ, ಹಂಗ. ಚಿಗುರಿನ ಉಗುರಿನಷ್ಟು ತುಂಡು ಬಾಟ್ಲ್ಯಾಗ ಇಡ್ತಾರ. ಒಂದು ಹತ್ತಾಗ್ತದ, ಹತ್ತು ನೂರಾಗ್ತದ."

"ಮಣ್ಣಿಲ್ಲ, ಗಾಳಿಲ್ಲ, ತಾಯಿಲ್ಲ. ಅದ್ಯಾ ನಮೂನಿ ಬಾಣಂತನ ಯವ್ವಾ?" ಅಂದರು ಅತ್ತೆ.

"ಆದ್ರ ಯಾರೂ ಬಾಗಿಲದಾಗ ಕುಂದ್ರೂದಿಲ್ಲ" ಅಂದರು ಅಕ್ಕೋರು.

ಬಿಳಿ ಹಸಿರು ಎರಡೂ ಕೂಡಿ ಬರುವುದು ಬಾಟಲಿಯೊಳಗೆ ಕಷ್ಟ, ಒಂದನ್ನೊಂದು ಬಿಟ್ಟು ಬೇರೆಯಾಗಬಹುದು ಎಂದು ಅವನಿಗೂ ಹೇಳಿದರು. "ನೋಡ್ಕೋತೀವಿ ಮೇಡಂ" ಎಂದ. ಅಕ್ಕೋರು ಆ ವರ್ಷ ಯಾರ ಉಡಿಗೂ ಹಾಕದೆ, ಒಳ್ಳೆಯದೊಂದು ಕವಲನ್ನು ಅವನಿಗೆ ಪುಕ್ಕಟೆ ಕೊಟ್ಟರು. ಬಳ್ಳಿಗೆ ನಿಮ್ಮ ಹೆಸರೇ ಇಡುತ್ತೇವೆ ಅಂದದ್ದಕ್ಕೆ, "ಹೆಸರು ಹಾಜರಿ ಕರಿಲಿಕ್ಕಿ ಬೇಕು, ಗಿಡಕ್ಕ್ಯಾಕ?" ಎಂದು ನಕ್ಕರು.

ಮುಂದೆ ಕಲಬುರಗಿಯ ನರ್ಸರಿಗಳಲ್ಲಿ ಸುಣ್ಣದ ಬಳ್ಳಿ ಸಾಲುಸಾಲಾಗಿ ಬಂತು, ಬಾಯಿ ತಿರುಗದ ಯಾವುದೋ ಹೆಸರಿನ ಚೀಟಿ ಕಟ್ಟಿಕೊಂಡು. ಕೊತ್ತಂಬರಿ ಸೂಡು ಮಾರಿದ ಹಾಗೆ ಕೈಗಾಡಿಯ ಮೇಲೂ ಬಂತು. ವೈನಿಯ ಫೋನು ಬಂದಾಗ ನಾನು ಅಕ್ಕೋರ ಎದುರಿಗೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಆ ಕಡೆಯ ದನಿ ಇಡೀ ಪಡಸಾಲೆಗೆ ಕೇಳಿಸಿತು.

"ಉಡ್ಯಾಗ ಹಾಕಿ ಮಗಳು ಅಂದ್ರಿ. ಈಗ ಮಗಳ್ನ ಒಯ್ದು ಸಂತ್ಯಾಗ ನಿಂದ್ರಿಸಿದ್ರಿ! ನಮ್ಮ ಮನ್ಯಾಗಿಂದಕ್ಕ ಏನ್ ಕಿಮ್ಮತ್ತು ಉಳೀತ್ರಿ?"

ಅಕ್ಕೋರು ಮೆಲ್ಲಗೆ, "ವೈನಿ, ಗಿಡ ನಿನ್ನೆ ಎಷ್ಟು ಚಂದ ಇತ್ತೋ ಇವತ್ತೂ ಅಷ್ಟ ಅದ ಅಲ್ಲ?" ಎಂದರು. ಆ ಕಡೆ ಫೋನು ಇಟ್ಟಾಗಿತ್ತು.

ವೈನಿ ತಮ್ಮ ಬಳ್ಳಿಯ ಎಲೆ ಎಲೆಯನ್ನೂ ಮೊಬೈಲಿನಲ್ಲಿ ಬಂಗಾರದ ಬೆಲೆಗೆ ಮಾರುತ್ತಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು.

ಆ ವರ್ಷದ ಪಂಚಮಿಗೆ ಅಕ್ಕೋರು ಎಂದಿನಂತೆ ಉಂಡಿ ಕಟ್ಟಿದರು, ಜಮಖಾನೆ ಹಾಸಿದರು. ಹೊತ್ತು ಏರಿತು, ಇಳಿಯಿತು. ಗಾಡಿ ಬಂದು ಹೋಗುವ ಸಪ್ಪಳಕ್ಕೊಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಒಬ್ಬರೂ ಬರಲಿಲ್ಲ. ಸಂಜೆ ನಮ್ಮ ಅಡುಗೆಮನೆಗೆ ಬಂದು, "ತಂಗಿ, ಉಂಡಿ ಭಾಳ ಆದ್ವು. ನಿಮ್ಮಲ್ಲಿ ಖಾಲಿ ಡಬ್ಬಿ ಅದಾವೇನು?" ಎಂದು ಕೇಳಿದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮಾರಾಟಕ್ಕೆ ಬಂದ ಬಳ್ಳಿಗಳಾದರೂ ನೆಟ್ಟಗಿದ್ದವೇ? ಅದೂ ಇಲ್ಲ. ಬಾಟಲಿಯ ತಂಪಿನಲ್ಲಿ ಬೆಳೆದವು ಎಷ್ಟೋ ನಮ್ಮ ಬಿಸಿಲಿಗೆ ಬಂದ ವಾರದಲ್ಲೇ ಬಾಡಿದವು. ಬದುಕಿದವು ಒಂದೊಂದೇ ಸುಣ್ಣ ಬಿಟ್ಟು ಪೂರ್ತಿ ಹಸಿರಾದವು. ಲ್ಯಾಬಿನವನ ಫೋನು ಹತ್ತಲೇ ಇಲ್ಲ. ಆ ಬೈಗುಳವೂ ಅಕ್ಕೋರ ತಲೆಗೇ ಬಂತು. ಅವರು ದುಡುಕಿದರು ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಬಾಗಿಲಲ್ಲಿ ಕೂತಿದ್ದ ಆಯಾಳ ಹೊಸ ಸೀರೆ ನೆನಪಾದರೆ ಆ ಅನಿಸಿಕೆ ನಿಲ್ಲುವುದಿಲ್ಲ.

ಅದೇ ಮಳೆಗಾಲದ ಕೊನೆಗೆ ತಾಯಿಬಳ್ಳಿಯ ಬೇರು ಕೊಳೆಯಿತು. ಅಕ್ಕೋರೂ ಹಾಸಿಗೆ ಹಿಡಿದಿದ್ದರು, ಒರೆಸುವ ಕೈ ಏಳುತ್ತಿರಲಿಲ್ಲ. ನಾನು ಒರೆಸುತ್ತಿದ್ದೆ. ಕೊಳೆತದ್ದು ಮಣ್ಣೊಳಗೆ, ಎಲೆ ನೋಡಿದವಳಿಗೆ ಎಲ್ಲಿ ಗೊತ್ತಾಗಬೇಕು? ಗೊತ್ತಾದಾಗ ಕತ್ತರಿಸಿ ಉಳಿಸಿಕೊಳ್ಳಲು ಒಂದು ಗೆಣ್ಣೂ ಗಟ್ಟಿ ಇರಲಿಲ್ಲ. ಅಕ್ಕೋರು ಖಾಲಿ ಕುಂಡಾ ನೋಡಿ, "ಮಗಳ ಮನಿಗೋಳಿಗಿ ಹೇಳಿ ಕಳಸು, ಒಂದು ತುಂಡು ತರ್ಲಿ. ಕರಾರು ಅದ ಅಲ್ಲಾ?" ಎಂದರು.

ಎಲ್ಲರಿಗೂ ಫೋನು ಮಾಡಿದೆ. ಒಬ್ಬರದು ಸತ್ತಿತ್ತು, ಒಬ್ಬರಿಗೆ ಪುರಸತ್ತಿರಲಿಲ್ಲ, ಒಬ್ಬರು ನೋಡೋಣ ಎಂದರು. ವೈನಿಯ ಹತ್ತಿರ ಎರಡೂ ಇದ್ದವು. ಅವರು ಅಂದದ್ದು ಇಷ್ಟೇ: "ಅಂಗಡ್ಯಾಗ ಸಿಗ್ತದಲ್ಲ, ಕೊಂಡ್ಕೋ ಅನ್ರಿ."

ಆ ಮಾತನ್ನು ಅಕ್ಕೋರಿಗೆ ಹೇಳಲಿಲ್ಲ. ದಿನಾ ಕೇಳುತ್ತಿದ್ದರು, "ಚಿತ್ತಾಪುರದವರು ಬಂದ್ರೇನು?" ನಾನು "ಗಾಡಿ ತಡ ಅದರಿ" ಎನ್ನುತ್ತಿದ್ದೆ.

ಬಂದವಳು ಆಯಾ. ಅವಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ, ಬಳ್ಳಿ ಪಡೆದವರಿಗಷ್ಟೇ ಕರಾರು ತಾನೇ? ಕೈಗಾಡಿಯಲ್ಲಿ ಕೊಂಡಿದ್ದ ಬಳ್ಳಿಯನ್ನು ಕುಂಡಾ ಸಮೇತ ಸೆರಗಿನಲ್ಲಿ ಮುಚ್ಚಿಕೊಂಡು, ಶಹಾಬಾದದಿಂದ ಟೆಂಪೋ ಹತ್ತಿ ಬಂದಿದ್ದಳು. ಪೂರ್ತಿ ಹಸಿರು. ಒಂದು ಗೀರೂ ಬಿಳಿ ಇಲ್ಲ.

"ಸುಣ್ಣ ಹೋಯ್ತ್ರಿ ಅಕ್ಕೋರ. ಆದ್ರ ಬದುಕ್ಯಾದ" ಅಂದಳು, ತಪ್ಪು ಮಾಡಿದವಳ ಹಾಗೆ.

ಅಕ್ಕೋರು ಅವಳನ್ನು ಮಂಚದ ಮೇಲೆ, ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು. ಎಲೆಯ ಕೆಳಗೆ ಅಂಗೈ ಒಡ್ಡಿ ಬಹಳ ಹೊತ್ತು ನೋಡಿದರು. "ಬಿಳಿ ಚಂದ ಕಾಣ್ತದ, ಅಷ್ಟ. ದುಡಿಯೂದು ಹಸರು. ಇದನ್ನ ಅಲ್ಲೇ ತಾಯಿ ಜಾಗಾದಾಗ ಇಡು ತಂಗಿ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅತ್ತರೋ ಇಲ್ಲವೋ, ನಾನು ಇಣುಕಿ ನೋಡಲಿಲ್ಲ.

ಚಳಿ ಬಿಡುವುದರೊಳಗೆ ಹೋದರು. ಗಿಡದ ಹೆಂಗಸರ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಮಣ್ಣಿಗೆ ಬಂದವಳು ಆಯಾ ಒಬ್ಬಳೇ. ಅಣ್ಣ ಬಂದು ಮನೆಗೆ ಬೀಗ ಹಾಕಿದರು. ಬಳ್ಳಿ ನಮ್ಮ ಪಡಸಾಲೆಗೆ ಬಂತು. ಪಂಚಮಿಯ ಹಿಂದಿನ ದಿನ ರೊಟ್ಟಿ ಬಡಿದು ಒಂದು ತುಂಡು ಕತ್ತರಿಸಿ ಲೋಟದಲ್ಲಿ ಇಡುವುದನ್ನು ನಾನು ಬಿಟ್ಟಿಲ್ಲ. ಅಕ್ಕೋರ ಋಣ, ಇನ್ನೇನು ಹೇಳಲಿ. ಯಾರೂ ಬರುವುದಿಲ್ಲ, ಮರುದಿನ ನಾನೇ ನೆಡುತ್ತೇನೆ.

ಇವತ್ತು ಮಾತ್ರ ಮಧ್ಯಾಹ್ನದ ಗಾಡಿಗೆ ವೈನಿ ಬಂದರು. ಬಣ್ಣದ ಚೀಲ, ಹೊಸ ಕನ್ನಡಕ. ಕೂತು ನೀರು ಕುಡಿದು ವಿಷಯಕ್ಕೆ ಬಂದರು. ಬಿಳಿಗೆ ಬೆಲೆ ಹೆಚ್ಚೆಂದು ಹಸಿರು ಕವಲನ್ನೆಲ್ಲ ಸವರುತ್ತ ಬಂದಿದ್ದರಂತೆ. ಕೊನೆಗೆ ಬಳ್ಳಿಗಳು ಹಾಲಿನಂತೆ ಬೆಳ್ಳಗಾಗಿ, ಹಾಗೇ ಸತ್ತವಂತೆ, ಎರಡೂ. ಈಗ ಖರೆ ಸುಣ್ಣದ ಬಳ್ಳಿ ಎಲ್ಲೂ ಇಲ್ಲ, ಮತ್ತೆ ಕಿಮ್ಮತ್ತು ಬಂದಿದೆ. "ಅಕ್ಕೋರಿಂದು ನಿಮ್ಮಲ್ಲೇ ಅದ ಅಂದ್ರು. ಮಗಳದು ಸತ್ತರ ತವರು ಕೊಡಬೇಕಲ್ರಿ?"

ಕರಾರು ಅವರಿಗೆ ನೆನಪಿತ್ತು.

ಅಂಗಡಿಯಲ್ಲಿ ಸಿಗುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಮಣೆ ಹಾಕಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಲೋಟದೊಳಗಿನ ತುಂಡು, ನಾಲ್ಕು ಉಂಡಿ ಉಡಿಗೆ ಹಾಕಿದೆ. ವೈನಿ ಎಲೆ ತಿರುವಿ ನೋಡಿದರು.

"ಇದಕ್ಕ ಸುಣ್ಣಾನೇ ಇಲ್ಲಲ್ಲ! ಇದು ಬಾಟ್ಲಿದು!"

"ಹೌದ್ರಿ ವೈನಿ. ತವರಿಂದು ಸತ್ತಾಗ ಬಂದದ್ದು ಇದೊಂದೇ."

ಅವರು ಸೆರಗು ಕೂಡಿಸಿಕೊಂಡು, ಚೀಲ ಎತ್ತಿಕೊಂಡು ಹೊರಟರು. ಸಂಜೆ ಕಸ ಹೊಡೆಯಲು ಹೋದಾಗ ನೋಡಿದೆ, ಬಳ್ಳಿಯ ತುಂಡು ಹೊರಗಿನ ಕಟ್ಟೆಯ ಮೇಲೆ ಬಾಡಿ ಬಿದ್ದಿತ್ತು. ಉಂಡಿ ಒಯ್ದಿದ್ದರು. ತುಂಡನ್ನು ತೊಳೆದು ಮತ್ತೆ ಲೋಟದ ನೀರಿಗೆ ಹಾಕಿದೆ. ನಾಳೆ ನೆಡುತ್ತೇನೆ.

ರಾತ್ರಿ ಉಳಿದ ಕಡುಬು, ತುಪ್ಪ, ನಿನ್ನೆಯ ಖಡಕ್ ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಿಂದೆವು. ನಮ್ಮವರು ಎರಡು ಉಂಡಿ ಹೆಚ್ಚಿಗೆ ತಿಂದರು. ಅತ್ತೆ ಎಂದಿನಂತೆ, "ಪಕ್ಕದಾಕಿಗಿ ಉಂಡಿ ಕೊಟ್ಟು ಬಂದ್ಯಾ?" ಎಂದು ಕೇಳಿದರು. ಈಚೆಗೆ ಅವರಿಗೆ ಮರೆವು. ಕೊಟ್ಟೆ ಎಂದೆ. ಹಾಗಾದರೆ ಸರಿ ಎಂದು ಎಲ್ಲರಿಗಿಂತ ಮೊದಲು ಅವರು ಮಲಗಿದರು.