ಗೇಟರ್ ಹಾಕಿದ ಟೈರು

ಟೈರ್ ಕೆಲಸಕ್ಕೆ ಬಂದು ನನಗೆ ಇಪ್ಪತ್ತು ವರ್ಷ ದಾಟಿತು. ಮೊದಲು ರಾಮನಗರದ ಒಂದು ಅಂಗಡಿಯಲ್ಲಿ ಫಿಟ್ಟರ್ ಆಗಿದ್ದೆ. ಕೋವಿಡ್ ಕಾಟ ಮುಗಿದ ಮೇಲೆ ಸ್ವಂತ ಗಾಡಿ ಮಾಡಿಕೊಂಡೆ. ಕಂಪ್ರೆಸರ್, ಟೈರ್ ಬಿಚ್ಚುವ ಮೆಷಿನ್, ಬ್ಯಾಲೆನ್ಸಿಂಗ್ ಮೆಷಿನ್ ಎಲ್ಲವೂ ಗಾಡಿಯೊಳಗೇ ಇವೆ. ಫೋನ್ ಬಂದ ಕಡೆಗೆ ನಾನೇ ಹೋಗುತ್ತೇನೆ: ಚನ್ನಪಟ್ಟಣದಲ್ಲಿ ಮನೆ ಬಾಗಿಲಿಗೆ, ಕನಕಪುರದಲ್ಲಿ ಕ್ವಾರಿ ಹತ್ತಿರಕ್ಕೆ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ. ಎಷ್ಟೋ ಚಕ್ರ ಬಿಚ್ಚಿದ್ದೇನೆ, ಮರೆತಿದ್ದೇನೆ. ಹೋದ ವರ್ಷ ಮಾಗಡಿಯಲ್ಲಿ ಬಿಚ್ಚಿದ ಒಂದು ಚಕ್ರವನ್ನು ನೆನೆದರೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಶಾಲೆ ಶುರುವಾದ ಹೊಸತು. ಶಿವಣ್ಣ ಎಂಬ ಡ್ರೈವರ್ ಫೋನ್ ಮಾಡಿದ. ಗುಡೇಮಾರನಹಳ್ಳಿ ಕಡೆಯ ಮಕ್ಕಳನ್ನು ಮಾಗಡಿಯ ಖಾಸಗಿ ಶಾಲೆಯೊಂದಕ್ಕೆ ಕರೆತರುವ ವ್ಯಾನ್ ಅವನದು. ಅವನದು ಅಂದರೆ ಓಡಿಸುವುದಷ್ಟೇ ಅವನು; ಮಾಲೀಕ ಪುಟ್ಟರಾಜು. ಪುಟ್ಟರಾಜುವಿಗೆ ಇನ್ನೊಂದು ಹಳೆಯ ವ್ಯಾನ್ ಇತ್ತು, ಅದು ಸೋಲೂರು ಕಡೆಯ ಮಕ್ಕಳನ್ನು ಅದೇ ಶಾಲೆಗೆ ಕರೆತರುತ್ತಿತ್ತು.

“ಅಣ್ಣಾ, ಒಸಿ ಸ್ಪೀಡಾದ್ರೆ ಗಾಡಿ ಅದುರ್ತೈತೆ,” ಎಂದ ಶಿವಣ್ಣ. “ಸ್ಟೀರಿಂಗಲ್ಲ ಕಣಣ್ಣಾ, ಕೂತಿರೋ ಸೀಟೇ ಅದುರ್ತೈತೆ.”

ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರದ ದೋಷ, ಸೀಟು ಅದುರಿದರೆ ಹಿಂದಿನದು. ಮಧ್ಯಾಹ್ನ ಶಾಲೆಯ ಮೈದಾನಕ್ಕೇ ಹೋಗಿ ಹಿಂದಿನ ಎಡಚಕ್ರ ತೆಗೆದು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿದೆ. ಮೆಷಿನ್ ಚಕ್ರವನ್ನು ತಿರುಗಿಸಿ, ಯಾವ ಭಾಗ ಎಷ್ಟು ಭಾರ ಎಂದು ತೋರಿಸುತ್ತದೆ. ಸಾಮಾನ್ಯವಾಗಿ ರಿಮ್ಮಿಗೆ ಸಣ್ಣದೊಂದು ತೂಕ ಅಂಟಿಸಿದರೆ ಮುಗಿಯಿತು. ಈ ಚಕ್ರಕ್ಕೆ ಅದು ಕೇಳಿದ ತೂಕ ನೋಡಿ ನನಗೆ ಅನುಮಾನ ಬಂದು ಟೈರನ್ನೇ ಬಿಚ್ಚಿದೆ.

ಒಳಗೆ ಗೇಟರ್ ಇತ್ತು. ಟೈರ್ ಸೀಳಿದಾಗ ಹಳೆಯ ಟೈರಿನ ತುಂಡೊಂದನ್ನು ಕತ್ತರಿಸಿ, ಸೀಳಿಗೂ ಟ್ಯೂಬಿಗೂ ನಡುವೆ ತುರುಕುತ್ತಾರೆ, ಅದಕ್ಕೆ ಗೇಟರ್ ಅನ್ನುತ್ತಾರೆ. ಹೊಲದಲ್ಲಿ ತೆವಳುವ ಟ್ರ್ಯಾಕ್ಟರ್ ಟ್ರೇಲರಿಗೆ ನಮ್ಮ ಕಡೆ ಹಾಗೆ ಹಾಕಿಕೊಂಡು ಕಾಲ ತಳ್ಳುವುದುಂಟು. ಮಕ್ಕಳು ಕೂರುವ ವ್ಯಾನಿಗೆ? ಓಡುತ್ತಾ ಓಡುತ್ತಾ ಬಿಸಿಯಾಗಿ, ಆ ತುಂಡು ಟ್ಯೂಬನ್ನು ತಿಕ್ಕಿ ತಿಕ್ಕಿ ಒಂದು ದಿನ ಒಡೆದುಹಾಕುತ್ತದೆ. ಟೈರಿನ ಪಕ್ಕೆಯಲ್ಲಿದ್ದ ಸೀಳಿನಲ್ಲಿ ನನ್ನ ನಾಲ್ಕು ಬೆರಳು ಒಟ್ಟಿಗೆ ತೂರಿ ಆಚೆ ಬಂದವು.

“ಇದರ ಮೇಲಿನ ಸೀಟಿನಲ್ಲಿ ಯಾರು ಕೂರ್ತಾರೆ?” ಎಂದು ಶಿವಣ್ಣನನ್ನು ಕೇಳಿದೆ.

“ಎಲ್‌ಕೆಜಿ ಮಕ್ಳು. ಮುಂದೆ ಕೂರ್ಸುದ್ರೆ ಗೇರ್ ಹಿಡ್ಕಂಡು ಆಟ ಆಡ್ತವೆ ಅಂತ ಸಣ್ಣವ್ನೆಲ್ಲ ಹಿಂದೇನೇ ಕೂರ್ಸದು.” ಹೇಳುತ್ತಲೇ ಅವನ ಮುಖ ಬಿಳಿಚಿಕೊಂಡಿತು.

ಪುಟ್ಟರಾಜುವನ್ನು ಕರೆಸಿದೆವು. ಬೈಕಿನಿಂದ ಇಳಿಯದೆಯೇ ನೋಡಿದ. ಟೈರನ್ನೂ ನೋಡಿದ, ಗೇಟರನ್ನೂ ನೋಡಿದ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ, ಹಾಕಿಸಿದವನೇ ಅವನು.

“ಹಿಂದಿನ ಚಕ್ರ ತಾನೆ? ಮುಂದಿಂದಾಗಿದ್ರೆ ಭಯ. ಹಾಕ್ಬುಡು.”

ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಒಳ್ಳೆಯದು ಮುಂದಕ್ಕೆ, ಕೆಟ್ಟದ್ದು ಹಿಂದಕ್ಕೆ ಎಂಬುದು ನಮ್ಮ ಜನಕ್ಕೆ ಅದೆಲ್ಲಿಂದ ಅಂಟಿತೋ! ಹಿಂದಿನ ಟೈರ್ ಒಡೆದರೆ ಗಾಡಿಯ ಹಿಂಭಾಗವೇ ಅಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ, ಎಂಥ ಡ್ರೈವರಿಗೂ ಹಿಡಿಯುವುದು ಕಷ್ಟ. ಸಮಾಧಾನವಾಗಿಯೇ ಇಷ್ಟನ್ನೂ ಹೇಳಿದೆ.

“ನಿನ್ ಕೆಲ್ಸ ಬಿಚ್ಚೋದು, ಹಾಕೋದು. ನಂಗೆ ಪಾಠ ಹೇಳೋದಲ್ಲ.”

“ಬಿಚ್ಚಿದ್ದೀನಿ. ಹಾಕಲ್ಲ,” ಎಂದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಶಿವಣ್ಣ ವ್ಯಾನಿನ ಕೀ ತಂದು ಬಾನೆಟ್ಟಿನ ಮೇಲಿಟ್ಟ. “ಸಾ, ಗೊತ್ತಿಲ್ದೆ ಓಡುಸ್ದೆ. ಈಗ ಗೊತ್ತಾಗೈತೆ. ನನ್ ಕೈಲಾಗಕಿಲ್ಲ.”

ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಬೇರೆ ದಾರಿಯಿಲ್ಲದೆ ಪುಟ್ಟರಾಜು ಒಪ್ಪಿದ. ನನ್ನ ಗಾಡಿಯಲ್ಲಿದ್ದ ಹೊಸ ಟೈರ್ ಹಾಕಿಕೊಟ್ಟೆ. ಕೆಟ್ಟ ಟೈರಿನ ಒಳಮೈಗೆ ಹಳದಿ ಕ್ರೇಯಾನಿನಿಂದ ದೊಡ್ಡ ಅಡ್ಡಗೀಟು ಎಳೆದೆ. ಹೊರಗೆ ಎಳೆದರೆ ತೊಳೆದಾಗ ಹೋಗುತ್ತದೆ, ಒಳಗೆ ಉಳಿಯುತ್ತದೆ. “ನನ್ ಟೈರ್ ನಂಗೆ ಕೊಡು,” ಎಂದ ಪುಟ್ಟರಾಜು. ಅವನ ವಸ್ತು, ಕೊಟ್ಟೆ. ದಾರಿಯಲ್ಲಿ ಟೀ ಕುಡಿದು ಗೆದ್ದವನ ಹಾಗೆ ಮನೆಗೆ ಹೋದೆ.

ಕೆಲವು ವಾರ ಕಳೆದವು. ಮತ್ತೆ ಶಿವಣ್ಣನ ಫೋನ್. “ಅಣ್ಣಾ, ಸೀಟು ಅದುರ್ತೈತೆ.”

ಎದುರು ಮಾತಾಡಿದ ತಪ್ಪಿಗೆ ಪುಟ್ಟರಾಜು ಅವನನ್ನು ಸೋಲೂರು ಕಡೆಯ ಹಳೆಯ ವ್ಯಾನಿಗೆ ಹಾಕಿದ್ದ. ಹೋದೆ. ಈ ಸಲ ಹಿಂದಿನ ಬಲಚಕ್ರ. ಟೈರ್ ಬಿಚ್ಚಿದೆ. ಅದೇ ಸೀಳು, ಅದೇ ಗೇಟರ್, ನನ್ನದೇ ಹಳದಿ ಅಡ್ಡಗೀಟು.

ಶಿವಣ್ಣ ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟ. “ಇಷ್ಟ್ ದಿನ ಇದ್ರ ಮ್ಯಾಲೇ ಮಕ್ಳನ್ ಕರ್ಕಂಡ್ ಓಡಾಡ್ದ್ನಾ? ಬೇಕಂತ್ಲೇ ನನ್ ಗಾಡೀಗೇ ಹಾಕ್ಬುಟ್ಟವ್ನೆ ಕಣಣ್ಣಾ.”

ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗ್ರೈಂಡರ್ ತೆಗೆದು ಟೈರಿನ ಬೀಡ್ ಕೊಯ್ಯತೊಡಗಿದೆ. ರಿಮ್ಮನ್ನು ಕಚ್ಚಿ ಹಿಡಿಯುವ, ಒಳಗೆ ಉಕ್ಕಿನ ತಂತಿ ಇರುವ ಅಂಚೇ ಬೀಡ್. ಅದು ಹರಿದ ಟೈರನ್ನು ಯಾವ ಮಹಾನುಭಾವನೂ ಮತ್ತೆ ಚಕ್ರಕ್ಕೆ ಕೂರಿಸಲಾರ. ಶಿವಣ್ಣನ ಫೋನ್ ಹೋಗಿ ಪುಟ್ಟರಾಜು ಓಡಿ ಬಂದಾಗ ಇನ್ನೂ ಕಿಡಿ ಹಾರುತ್ತಿತ್ತು.

“ಯಾರಪ್ಪನ ಆಸ್ತಿ ಅಂತ ಕೊಯ್ತಿದೀಯ ಲೇ? ಕಂಪ್ಲೇಂಟ್ ಕೊಡ್ತೀನಿ!”

“ಕೊಡು. ಈ ಟೈರನ್ನೂ ಹೊತ್ಕೊಂಡೇ ಹೋಗು. ಸ್ಟೇಷನ್ನಲ್ಲಿ ಇದರೊಳಗೆ ಕೈ ತೂರಿಸಿ ತೋರಿಸು,” ಎಂದೆ.

ಅವನು ಹೋಗಲಿಲ್ಲ. ಗಾಡಿ ನಿಂತರೆ ಪೋಷಕರು ಕೇಳುತ್ತಾರೆಂದು ಹೆದರಿ ಹೊಸ ಟೈರ್ ಹಾಕಿಸಿದ. ಶಾಲೆಯವರಿಗೆ ಹೇಳಿದರೆ, ವ್ಯಾನಿಗೂ ನಮಗೂ ಸಂಬಂಧವಿಲ್ಲ ಅಂದರು. ಫೀಸು ಕೇಳುವಾಗ ಇಲ್ಲದ ದೂರ ಆಗ ಎಲ್ಲಿಂದ ಬಂತೋ! ಕೊನೆಗೆ ಶಿವಣ್ಣನೇ ಸೋಲೂರು ದಾರಿಯ ಒಂದೊಂದು ಸ್ಟಾಪಿನಲ್ಲೂ ಇಳಿದು ತಾಯಂದಿರಿಗೆ ವಿಷಯ ಹೇಳಿದ. ಅವರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಶಿವಣ್ಣನ ಕೆಲಸ ಹೋಯಿತು. ಈಗ ಡೈರಿ ಹಾಲಿನ ಟೆಂಪೋ ಓಡಿಸುತ್ತಾನೆ.

ಹಾಕುವುದಿಲ್ಲ ಎಂದು ಹೇಳಿ ಕೈತೊಳೆದುಕೊಂಡರೆ ನನ್ನ ಕೆಲಸ ಮುಗಿಯುವುದಿಲ್ಲ, ಇದು ನಾನು ಕಲಿತದ್ದು. ನಾನು ಬೇಡವೆಂದ ಟೈರಿನ ಮೇಲೆ ಇನ್ಯಾರದೋ ಮಗುವನ್ನು ಕೂರಿಸುವವರಿದ್ದಾರೆ. ಈಗ ಫೋನಿನಲ್ಲೇ ಹೇಳಿಬಿಡುತ್ತೇನೆ: ಓಡಿಸಲು ಲಾಯಕ್ಕಿಲ್ಲದ ಟೈರ್ ಸಿಕ್ಕರೆ ಬೀಡ್ ಕೊಯ್ದೇ ವಾಪಸ್ ಕೊಡುವುದು, ಒಪ್ಪಿಗೆಯಿದ್ದರೆ ಬರುತ್ತೇನೆ. ಕೆಲವರು ಅಷ್ಟಕ್ಕೇ ಸಿಟ್ಟಾಗುತ್ತಾರೆ. ಅವರು ಫೋನ್ ಇಡುವ ಮೊದಲು ಒಂದೇ ಮಾತು ಕೇಳುತ್ತೇನೆ: ಆ ಚಕ್ರದ ಮೇಲಿನ ಸೀಟಿನಲ್ಲಿ ಯಾರು ಕೂರುತ್ತಾರೆ?