ಹಗ್ಗ ಎಳೆಯುವ ಕೈ

ಮರಿಗೆ ಎಂಬ ಮರದ ಬೋಗುಣಿ ಕಡೆಯುವುದು ಒಬ್ಬನ ಕೆಲಸವಲ್ಲ. ನೋಡಲು ಬಂದವರು ಉಳಿ ಹಿಡಿದವನನ್ನೇ ನೋಡುತ್ತಾರೆ, ಎದುರಿಗೆ ಕೂತು ಹಗ್ಗ ಎಳೆಯುವವನನ್ನು ನೋಡುವುದಿಲ್ಲ. ಎರಡು ಗೂಟಗಳ ನಡುವೆ ಒಂದು ಕದಿರು, ಕದಿರಿಗೆ ಸುತ್ತಿದ ಹಗ್ಗ, ಕದಿರಿನ ತುದಿಗೆ ಕಚ್ಚಿಸಿದ ಮರದ ತುಂಡು. ಅವನ ಬಲಗೈ ಎಳೆದರೆ ಮರ ಉಳಿ ಹಿಡಿದ ನನ್ನ ಕಡೆಗೆ ತಿರುಗುತ್ತದೆ, ಆಗ ಉಳಿ ಕೊಡಬೇಕು. ಎಡಗೈ ಎಳೆದರೆ ಹಿಂದಕ್ಕೆ ತಿರುಗುತ್ತದೆ, ಆಗ ಉಳಿ ತೆಗೆಯಬೇಕು. ಇಬ್ಬರ ಉಸಿರು ಒಂದಾಗದಿದ್ದರೆ ಮರ ಸೀಳುತ್ತದೆ.

ನನ್ನೆದುರು ಕೂರುತ್ತಿದ್ದವನು ನನ್ನ ತಮ್ಮ. ಕೊಳಾಲದ ಹತ್ತಿರ ನಮ್ಮ ಮನೆಯ ಹಿತ್ತಿಲಲ್ಲಿ ಬೆಳಿಗ್ಗೆ ಐದಕ್ಕೆ ಉಳಿ ಮಸೆದು ಆರಕ್ಕೆ ಕೂತರೆ ಬಿಸಿಲೇರುವವರೆಗೆ ಮಾತಿಲ್ಲ. ಅಪ್ಪ ಹಾಕಿಕೊಟ್ಟ ಕ್ರಮ. ಹುಣಸೆ, ಹೊನ್ನೆ, ಜಾಲಿ, ಬೇವು, ಯಾವುದಾದರೂ ಸರಿ, ಹಸಿಯಾಗಿದ್ದಾಗಲೇ ದಪ್ಪಗೆ ಕಡೆದು ರಾಗಿಹೊಟ್ಟಿನಲ್ಲಿ ಹೂಳುತ್ತಿದ್ದೆವು. ಮಳೆಗಾಲ ಕಳೆದು ತೆಗೆದರೆ ಒಣಗಿ ಮೊಟ್ಟೆಯಂತೆ ಓರೆಯಾಗಿರುತ್ತದೆ. ಮತ್ತೆ ಕದಿರಿಗೇರಿಸಿ ತೆಳ್ಳಗೆ ಕಡೆದರೆ ಮಾತ್ರ ಗುಂಡಗಿನ ಮರಿಗೆ.

ಕಳೆದ ವರ್ಷ, ಮರಿಗೆಗಳು ಹೊಟ್ಟಿನಲ್ಲಿರುವಾಗಲೇ ತಮ್ಮ ಹೊರಟುಹೋದ. ಬಲಸಮುದ್ರದ ಕಡೆ ಸೋಲಾರ್ ಫಲಕಗಳ ಕಾವಲು ಕೆಲಸ ಸಿಕ್ಕಿತ್ತು. ಹೋಗುವ ದಿನವೂ ಆರಕ್ಕೆ ಎದುರು ಬಂದು ಕೂತ, ಹಿಡಿದ ಕೆಲಸ ಮುಗಿಸಿಕೊಟ್ಟ, ಕೈ ತೊಳೆದುಕೊಂಡ ಮೇಲೆ ಹೋಗುತ್ತೇನೆಂದು ಹೇಳಿದ.

ಹೊಟ್ಟಿನಲ್ಲಿದ್ದವುಗಳಲ್ಲಿ ಒಂದು ಹುಣಸೆಯದು, ಶಿರಾ ಕಡೆ ಕೊಟ್ಟಿರುವ ತಂಗಿಯ ಮಗಳಿಗೆಂದು ಮಾಡಿದ್ದು. ನಮ್ಮಲ್ಲಿ ಮದುವೆಯಾದ ಹುಡುಗಿ ಗಂಡನ ಮನೆಯಲ್ಲಿ ಮೊದಲ ಸಲ ಮುದ್ದೆ ಕಟ್ಟಿಡುವುದು ಸೋದರಮಾವ ಕಡೆದ ಮರಿಗೆಯಲ್ಲಿ. ಅದಿಲ್ಲದೆ ಹೋದವಳನ್ನು ತವರಿಲ್ಲದವಳು ಎಂದು ಆಡಿಕೊಳ್ಳುತ್ತಾರೆ. ಮದುವೆ ಹತ್ತಿರ ಬಂದಿತ್ತು, ಮರಿಗೆ ಓರೆಯಾಗಿತ್ತು.

ತಮ್ಮನಿಗೆ ಫೋನ್ ಮಾಡಿದೆ. ರಜೆ ಕೊಡುವುದಿಲ್ಲವೆಂದ.

"ಮಧುಗಿರೀಲಿ ಮೋಟ್ರು ಐತಲ್ಲಣ್ಣ, ಅದಕ್ಕೆ ಹಾಕ್ಸು. ಇನ್ನೂ ಹಗ್ಗ ಹಿಡ್ಕಂಡು ಕುಂತ್ರೆ ಹೆಂಗೆ?"

ಮೋಟಾರಿನಲ್ಲಿ ಮರ ಕಡೆಯುವ ಆ ಅಂಗಡಿಗೆ ಹೋಗಿ, ಮೊದಲು ಒಂದು ಜಾಲಿಯ ಮರಿಗೆ ಹಾಕಿಸಿ ನೋಡಿದೆ. ಮೋಟಾರಿನ ಓಟಕ್ಕೆ ಆ ಓರೆ ಮರ ಒಂದೇ ಏಟಿಗೆ ಎರಡಾಗಿ ಗೋಡೆಗೆ ಬಡಿಯಿತು. ಅಂಗಡಿಯವನು ನಕ್ಕು, ಸ್ಟೀಲ್ ಬೋಗುಣಿ ಕೊಟ್ಟುಬಿಡಿ ಯಜಮಾನರೇ, ಒಡೆಯೋದೂ ಇಲ್ಲ ಎಂದ. ಹುಣಸೆಯದನ್ನು ಚೀಲದಿಂದ ತೆಗೆಯದೆ ವಾಪಸು ಬಂದೆ.

ಮದುವೆಗೆ ಕರೆಯಲು ತಂಗಿ ಬಂದಳು. ಕುಂಕುಮ ಇಟ್ಟು, ನೀರು ಕುಡಿದು, ಮರಿಗೆ ಕೇಳಿದಳು. ತೋರಿಸಿದೆ. ಅದನ್ನು ಜಗಲಿಯ ಮೇಲಿಟ್ಟು ಬೆರಳಿನಿಂದ ಒತ್ತಿದಳು, ಓಲಾಡಿತು.

"ಇಂಗೇ ಕಳುಸ್ತೀಯೇನಣ್ಣ ನನ್ನ ಮಗ್ಳನ್ನ?"

ಹಗ್ಗ ಎಳೆಯುವವರಿಲ್ಲ ಎಂದೆ. ಮನೆಯ ಹೆಣ್ಣುಮಕ್ಕಳು ಆ ಹಗ್ಗ ಮುಟ್ಟುವಂತಿಲ್ಲ. ಏಕೆಂದು ಅಪ್ಪನಿಗೂ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ಚಿಕ್ಕವಳಿದ್ದಾಗ ಇವಳು ಒಮ್ಮೆ ಆಡಲು ಹಿಡಿದಿದ್ದಕ್ಕೆ ಅಪ್ಪ ಹೊಸ ಹಗ್ಗವನ್ನೇ ಕತ್ತರಿಸಿ ತಿಪ್ಪೆಗೆ ಎಸೆದಿದ್ದ.

ತಂಗಿ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋಗಿ ತಮ್ಮನ ಜಾಗದಲ್ಲಿ ಕೂತಳು. ನಾನು ಬೇಡ ಎನ್ನಲಿಲ್ಲ. ಮರ ಕಚ್ಚಿಸಿ ಉಳಿ ಹಿಡಿದೆ.

ಹೇಳಿಕೊಡುವುದೇನೂ ಇರಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡಿಯೇ ಅವಳು ಅದನ್ನು ಕಲಿತಿದ್ದಳು. ತಮ್ಮನಿಗೆ ಎಡಗೈ ಎಳೆತದಲ್ಲಿ ಸದಾ ಸ್ವಲ್ಪ ಅವಸರ. ಅವಳಿಗೆ ಅದೂ ಇರಲಿಲ್ಲ. ಹುಣಸೆಯಂಥ ಗಟ್ಟಿ ಮರದಿಂದ ಸಿಪ್ಪೆ ಉದ್ದುದ್ದಕ್ಕೆ ಸುರುಳಿಯಾಗಿ ಬಂತು. ಮರದ ನಡುವಿನ ಕಪ್ಪು ಚೇಗು ನುಣ್ಣಗೆ ಹೊರಬಿತ್ತು. ಅಷ್ಟು ಚೆಂದದ ಮರಿಗೆ ನನ್ನ ಕೈಯಲ್ಲಿ ಹಿಂದೆ ಆಗಿರಲಿಲ್ಲ.

ಮರಿಗೆಗೆ ಹುಚ್ಚೆಳ್ಳೆಣ್ಣೆ ಸವರಿ ಕೊಟ್ಟೆ. ಆಮೇಲೆ ಅವಳನ್ನು ಹೊಟ್ಟಿನ ಗುಡ್ಡೆಯ ಹತ್ತಿರ ಕರೆದೊಯ್ದು ಉಳಿದವನ್ನು ತೋರಿಸಿದೆ. ಮದುವೆ ಮುಗಿದ ಮೇಲೆ ಆಗಾಗ ಬಂದು ಎರಡು ದಿನ ಇದ್ದು ಹೋದರೆ ಇವೂ ಮುಗಿಯುತ್ತವೆ, ಕಸುಬು ಉಳಿಯುತ್ತದೆ ಎಂದೆ. ನಿನ್ನಂಥ ಕೈ ಈ ಮನೆಯಲ್ಲಿ ಯಾರಿಗೂ ಬರಲಿಲ್ಲ ಕಣಮ್ಮ ಎಂದೂ ಹೇಳಿದೆ.

ಅವಳು ಮರಿಗೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

"ಗಂಡು ಕೈ ಓಡೋದ್ಮೇಲೆ ನನ್ ಕೈ ಕಾಣುಸ್ತಾ ನಿಂಗೆ? ಇವತ್ತು ಎಳ್ದಿದ್ದು ನನ್ನ ಮಗ್ಳಿಗೆ. ನಿಮ್ಮಪ್ಪನ ಕಸುಬಿಗಲ್ಲ."

ನಮ್ಮಪ್ಪ ಎನ್ನಲಿಲ್ಲ, ನಿಮ್ಮಪ್ಪ ಎಂದಳು. ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದಳು.

ಮದುವೆಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಬೀಗರು ಮರಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥ ಕೆಲಸ ಈಗ ಎಲ್ಲಿದೆ ಎಂದು ನನಗೆ ಕೈಮುಗಿದರು. ತಂಗಿ ನನ್ನೆಲೆಗೆ ಪಾಯಸ ಬಡಿಸಿ, ಮುಂದಿನ ಎಲೆಗೆ ಹೋದಳು.

ಊರಿಗೆ ಬಂದ ಮೇಲೆ ಹೊಟ್ಟಿನಲ್ಲಿದ್ದ ಮರಿಗೆಗಳನ್ನೆಲ್ಲ ಹೊರಗೆ ತೆಗೆದೆ. ಕೆಲವನ್ನು ನೆರೆಯವರು ಕೋಳಿಗೆ ನೀರಿಡಲು ಒಯ್ದರು. ಓರೆಯಾದರೇನು, ನೀರು ನಿಲ್ಲುತ್ತದಲ್ಲ ಎಂದರು. ಉಳಿದವು ಒಲೆಗೆ ಹೋದವು.