ಅಜ್ಜನ ಪಾಲಿಗೆ ಹೋದ ಬರ್ಬನ್

ನನ್ನ ಗಂಡ ಒಂದು ಬಾಟಲಿಯನ್ನು ಎಂಟು ತಿಂಗಳು ತೆರೆಯದೆ ಇಟ್ಟುಕೊಂಡಿದ್ದರು. ಗಲ್ಫಿನ ಜುಫೈರ್‌ನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿ ಪಕ್ಕದ ಕಪಾಟಿನಲ್ಲಿ, ನಮ್ಮ ಮದುವೆ ಫೋಟೊ ಇದ್ದ ಜಾಗವನ್ನು ಅದಕ್ಕೆ ಕೊಟ್ಟಿದ್ದರು. ಫೋಟೊ ಎಲ್ಲಿಗೆ ಹೋಯಿತು ಎಂದು ಮಾತ್ರ ಕೇಳಬೇಡಿ, ನನಗೆ ಈಗಲೂ ಸಿಟ್ಟು ಬರುತ್ತದೆ.

ಬಾಟಲಿ ಕೊಟ್ಟದ್ದು ಇವರ ಅಮೆರಿಕನ್ ಇಂಜಿನಿಯರ್. ಅಸ್ಕರ್ ಹತ್ತಿರದ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಇವರು ಕ್ರೇನ್ ರಿಪೇರಿಯ ಫೋರ್‌ಮನ್. ಆರು ವರ್ಷ ಜೊತೆಗೆ ಬೆವರು ಸುರಿಸಿದ ಆ ಮನುಷ್ಯ ಕೆಲಸ ಬಿಟ್ಟು ಹೊರಡುವಾಗ, ತನ್ನ ಊರಿನ ಸಣ್ಣ ಡಿಸ್ಟಿಲರಿಯ ಬರ್ಬನ್ ವಿಸ್ಕಿಯನ್ನು ಇವರ ಕೈಗಿಟ್ಟು ಬೆನ್ನು ತಟ್ಟಿ ಹೋದರಂತೆ. ಡಿಸ್ಟಿಲರಿ ಎಂದರೆ ನಾಲ್ಕೈದು ಜನ, ಒಂದು ಹಳೆಯ ಶೆಡ್ಡು. ಲೇಬಲಿನ ಮೇಲೆ ಪೀಪಾಯಿಯ ನಂಬರನ್ನು ಯಾರೋ ಪೆನ್ನಿನಲ್ಲೇ ಬರೆದಿದ್ದರು. ಆ ಪೀಪಾಯಿ ಖಾಲಿಯಾದರೆ ಅದೇ ರುಚಿ ಪ್ರಪಂಚದಲ್ಲಿ ಮತ್ತೆಲ್ಲೂ ಸಿಗುವುದಿಲ್ಲವಂತೆ. ಈ ಒಂದು ಮಾತು ಇವರ ತಲೆ ಕೆಡಿಸಿತು.

ಮನೆಗೆ ಯಾರೇ ಬರಲಿ, ಬಾಟಲಿ ಇಳಿಸಿ ಪಾಠ ಶುರು. ‘ಇದು ಮೆಕ್ಕೆಜೋಳದ್ದು. ಹೊಸ ಓಕ್ ಪೀಪಾಯಿಯ ಒಳಮೈ ಸುಟ್ಟು, ಅದರಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಈ ಬಣ್ಣ, ಈ ಸಿಹಿ ಎಲ್ಲ ಆ ಮರದಿಂದಲೇ ಬರುವುದು.’ ಬಂದವರು ಗ್ಲಾಸು ಹಿಡಿದು ಆಸೆಯಿಂದ ಕಾಯುತ್ತಿದ್ದರು. ಇವರು ಬಾಟಲಿಯನ್ನು ಒರೆಸಿ ಮೇಲಿಟ್ಟು, ಅಡುಗೆಮನೆಯಿಂದ ಬೇರೆ ಯಾವುದೋ ತಂದು ಸುರಿಯುತ್ತಿದ್ದರು. ಒಳ್ಳೆಯ ದಿನ ಬರಲಿ, ಆಗ ತೆಗೆಯೋಣ ಎನ್ನುತ್ತಿದ್ದರು. ಹೊಸ ವರ್ಷ ಬಂತು, ಇವರ ಪ್ರಮೋಷನ್ ಬಂತು, ನಮ್ಮ ಮದುವೆಯ ದಿನವೂ ಬಂದು ಹೋಯಿತು. ಯಾವುದೂ ಇವರಿಗೆ ಸಾಲಲಿಲ್ಲ.

‘ಇದಕ್ಕೆ ಗಂಡು ಹುಡುಕ್ತಾ ಇದ್ದೀರಾ ಮಾರಾಯ್ರೆ?’ ಎಂದು ಕೇಳಿದೆ. ಇವರು ಬಾಟಲಿಯನ್ನು ಇನ್ನೊಮ್ಮೆ ಒರೆಸಿದರು.

ಅಷ್ಟರಲ್ಲಿ ಊರಿನಿಂದ ಅತ್ತೆ ಬಂದರು, ಮೂರು ತಿಂಗಳ ಮಟ್ಟಿಗೆ. ಅತ್ತೆಗೂ ಪಾಠ ಆಯಿತು. ಅವರು ಕನ್ನಡಕ ಏರಿಸಿ ಬಾಟಲಿಯನ್ನು ತಿರುಗಿಸಿ ನೋಡಿದರು.

‘ಜೋಳದ್ದಾ? ನಾವು ದನಕ್ಕೆ ಹಾಕುವುದಲ್ವಾ ಅದು?’

‘ಅಮ್ಮ, ಇದು ಬೇರೆ.’

‘ಪೀಪಾಯಿ ಸುಟ್ಟ ಮೇಲೆ ತೊಳೀಲಿಕ್ಕಿಲ್ವಾ?’

ನಾನು ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅವರು ಹೊರಡುವ ದಿನ ಶುಕ್ರವಾರ. ಸಂಜೆ ವಿಮಾನ, ಮರುದಿನ ವೀಸಾ ಮುಗಿಯುತ್ತದೆ. ಗಲ್ಫಿನಿಂದ ಹೊರಡುವವರ ಕಾರ್ಟನ್ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಹಾಲಿನ ಪುಡಿ, ಸಾಬೂನು, ತಲೆನೋವಿನ ಮುಲಾಮು, ಕಂಬಳಿ. ಅದನ್ನು ಕಟ್ಟುವುದರಲ್ಲಿ ಇವರು ನಿಸ್ಸೀಮರು. ಬೆಳಿಗ್ಗೆ ಎಂಟಕ್ಕೇ ಕಂದು ಟೇಪು ಸುತ್ತಿ, ಹಗ್ಗ ಬಿಗಿದು, ನಾಲ್ಕೂ ಮಗ್ಗುಲಿಗೆ ದಪ್ಪ ಮಾರ್ಕರಿನಲ್ಲಿ ಅತ್ತೆಯ ಹೆಸರು ಬರೆದು, ಮಗುವಿಗೆ ತಟ್ಟುವ ಹಾಗೆ ಎರಡು ತಟ್ಟಿ ನಿಲ್ಲಿಸಿದರು.

ಹತ್ತು ಗಂಟೆಗೆ ನೋಡಿದರೆ ಅತ್ತೆಯ ಪಾಸ್‌ಪೋರ್ಟ್ ಇಲ್ಲ!

ಹಾಸಿಗೆ ಎತ್ತಿದೆವು, ಸೋಫಾ ತಿರುಗಿಸಿದೆವು. ನಾನು ಅಕ್ಕಿ ಡಬ್ಬಿಗೂ ಕೈ ಹಾಕಿದೆ. ಎಲ್ಲಿಟ್ಟಿರಿ ಎಂದು ನಾನು ಗಂಡನ ಮೇಲೆ ಕೂಗಾಡಿದೆ, ಗಂಡ ಫ್ರಿಜ್ಜಿನ ಮೇಲೆ ಕೂಗಾಡಿದರು. ಹನ್ನೊಂದೂವರೆಯಾಯಿತು. ಅತ್ತೆ ಮಾತ್ರ ನಡು ಹಾಲ್‌ನಲ್ಲಿ ನಿಂತು, ಕಣ್ಣು ಮುಚ್ಚಿ ಕೈ ಮುಗಿದರು.

ಊರಿನಲ್ಲಿ ಏನೇ ಕಳೆದರೂ ನಾವು ಅಜ್ಜನಿಗೆ ಹರಕೆ ಹೇಳುತ್ತೇವೆ. ಅಜ್ಜ ಎಂದರೆ ನಮ್ಮ ತುಳುನಾಡಿನ ಒಂದು ದೈವ, ಕಳೆದದ್ದನ್ನು ಹುಡುಕಿಕೊಡುವವರು. ದೊಡ್ಡ ಖರ್ಚಿಲ್ಲ: ಚಕ್ಕುಲಿ, ವೀಳ್ಯದೆಲೆ, ಒಂದಿಷ್ಟು ಶರಾಬು. ಆದರೆ ಬಾಯಿಂದ ಏನು ಹೊರಟಿತೋ ಅದನ್ನೇ ಕೊಡಬೇಕು. ಆಮೇಲೆ ಚೌಕಾಸಿ ನಡೆಯುವುದಿಲ್ಲ.

‘ಅಜ್ಜಾ,’ ಎಂದರು ಅತ್ತೆ, ಪಕ್ಕದ ಫ್ಲ್ಯಾಟಿಗೂ ಕೇಳುವ ಹಾಗೆ. ‘ನನ್ನ ಪಾಸ್‌ಪೋರ್ಟ್ ತೋರಿಸಿ ಕೊಡು. ಚಕ್ಕುಲಿ ಕೊಡ್ತೇನೆ, ವೀಳ್ಯ ಕೊಡ್ತೇನೆ. ನನ್ನ ಮಗನ ಆ ಜೋಳದ ಕುಪ್ಪಿಯನ್ನೂ ಕೊಡ್ತೇನೆ.’

ಇವರ ಮುಖದಿಂದ ರಕ್ತವೇ ಇಳಿದುಹೋಯಿತು.

‘ಅಮ್ಮಾ! ಅಜ್ಜನಿಗೆ ಊರಿನದ್ದೇ ಆಗ್ತದೆ. ಎರಡು ಕುಪ್ಪಿ ಕೊಡುವ. ಬೇಕಾದರೆ ನಾಲ್ಕು!’

‘ಹೇಳಿ ಆಯ್ತು ಮಗ. ಇನ್ನು ತಿರುಗಿ ಹೇಳ್ಲಿಕ್ಕೆ ಆಗ್ತದಾ?’

ಆಗಲೇ ನಾನು ಒಂದು ಸಂಗತಿ ಗಮನಿಸಿದ್ದು. ಇವರ ಕಣ್ಣು ಕಾರ್ಟನ್ನಿನ ಮೇಲೆ ಬರೆದಿದ್ದ ಹೆಸರಿನ ಮೇಲೆ ನಿಂತುಬಿಟ್ಟಿತ್ತು. ಆಮೇಲೆ ಮೆಲ್ಲಗೆ ಹೋಗಿ ಕಾರ್ಟನ್ನಿನ ಮೇಲೆ ಕುಳಿತರು. ಹದಿನೇಳು ವರ್ಷ ಜೊತೆಗೆ ಬಾಳಿದವಳು ನಾನು, ನನಗೆ ಅಷ್ಟು ಸಾಕಾಯಿತು. ಹೆಸರಿನ ಸ್ಪೆಲ್ಲಿಂಗ್ ತಪ್ಪಬಾರದೆಂದು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಬರೆದದ್ದು ಈ ಮಹಾರಾಯರೇ. ಬರೆದು, ಅದನ್ನು ಹಾಲಿನ ಪುಡಿಯ ಮೇಲಿಟ್ಟು, ಕಾರ್ಟನ್ನಿಗೆ ಟೇಪು ಹೊಡೆದಿದ್ದಾರೆ!

ಎಷ್ಟು ಹೊತ್ತು ಕೂರುತ್ತಾರೆ ನೋಡೋಣ ಎಂದು ಸೊಂಟಕ್ಕೆ ಕೈ ಕೊಟ್ಟು ಎದುರಿಗೇ ನಿಂತೆ. ಇವರು ಕಪಾಟಿನತ್ತ ನೋಡಿದರು, ಅಮ್ಮನತ್ತ ನೋಡಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು, ತುಟಿ ಅಲ್ಲಾಡುತ್ತಿತ್ತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಇವರು ಎದ್ದು ನಿಂತರು.

‘ಕತ್ತರಿ ಕೊಡು.’

ಕೊಟ್ಟೆ. ಟೇಪು ಕುಯ್ದರು. ಪಾಸ್‌ಪೋರ್ಟ್ ಅಲ್ಲೇ ಇತ್ತು. ಅತ್ತೆ ‘ಅಜ್ಜಾ!’ ಎಂದು ಕೂಗಿ ಕುಣಿದೇಬಿಟ್ಟರು, ಎಪ್ಪತ್ತೊಂದರ ಮಂಡಿನೋವು ಮರೆತು. ನಾನೂ ಅವರ ಕೈ ಹಿಡಿದು ಎರಡು ಸುತ್ತು ತಿರುಗಿದೆ. ನಮ್ಮ ನಡುವೆ ಇವರು ಕತ್ತರಿ ಹಿಡಿದು ಪೆಚ್ಚಾಗಿ ನಿಂತಿದ್ದರು. ಆಮೇಲೆ ಇವರಿಗೂ ನಗು ತಡೆಯಲಾಗಲಿಲ್ಲ.

‘ಖಲಾಸ್!’ ಎಂದು ತಾವೇ ಬಾಟಲಿ ಇಳಿಸಿದರು. ಟವೆಲಿನಲ್ಲಿ ಸುತ್ತಿ, ಮೇಲೆ ಕಂಬಳಿ ಸುತ್ತಿ, ಅದೇ ಕಾರ್ಟನ್ನಿನ ನಡುವೆ ಮಲಗಿಸಿದರು. ಅಷ್ಟು ಜೋಪಾನವಾಗಿ ಇವರು ಕೂಸಾಗಿದ್ದಾಗ ನಮ್ಮ ಮಗಳನ್ನೂ ಮಲಗಿಸಿರಲಿಲ್ಲ.

ಮುಂದಿನ ವಾರ ಅತ್ತೆ ಫೋನಿನಲ್ಲಿ ವರದಿ ಕೊಟ್ಟರು. ಅಜ್ಜನ ಕಟ್ಟೆಯಲ್ಲಿ ಮುಚ್ಚಳ ತಿರುಗಿಸಿದ್ದೇ ತಡ, ಬೆಲ್ಲ ಕಾಸಿದ ಹಾಗೆ ಪರಿಮಳ ಬಂತಂತೆ. ಹರಕೆ ಒಪ್ಪಿಸುವ ಹಿರಿಯರು ಮೂಸಿ ನೋಡಿ, ಇನ್ನೊಮ್ಮೆ ಮೂಸಿ, ಅಜ್ಜನಿಗೆ ಎಂದಿಗಿಂತ ಧಾರಾಳವಾಗಿ ಎರೆದರಂತೆ. ಉಳಿದದ್ದು ಪ್ರಸಾದವಾಗಿ ಸೇರಿದವರಿಗೆಲ್ಲ ಒಂದೊಂದು ಗುಟುಕು. ಇವರು ಸ್ಪೀಕರ್ ಹಾಕಿಕೊಂಡು, ಸಣ್ಣ ಮುಖ ಮಾಡಿಕೊಂಡು ಎಲ್ಲವನ್ನೂ ಕೇಳಿದರು. ಎಂಟು ತಿಂಗಳು ಕಾದ ಮನುಷ್ಯನಿಗೆ ಒಂದು ಹನಿಯೂ ಸಿಗಲಿಲ್ಲವಲ್ಲ ಎಂದು ನನಗೂ ಸಂಕಟವಾಯಿತು.

ಹತ್ತು ದಿನ ಕಳೆದು ಇಲ್ಲೇ ಅದ್ಲಿಯಾದಲ್ಲಿ ಹೋಟೆಲ್ ಕೆಲಸದ ನಮ್ಮೂರಿನವರೊಬ್ಬರು ರಜೆ ಮುಗಿಸಿ ಬಂದಾಗ ಒಂದು ಪೊಟ್ಟಣ ತಂದರು. ಒಳಗೆ ಚಕ್ಕುಲಿ ಚೂರು, ಬಾಡಿದ ವೀಳ್ಯದೆಲೆ, ಮತ್ತು ಮುಚ್ಚಳಕ್ಕೆ ಟೇಪು ಸುತ್ತಿದ ಒಂದು ಪುಟ್ಟ ಕೆಮ್ಮಿನ ಔಷಧಿ ಬಾಟಲಿ. ತಳದಲ್ಲಿ ಎರಡು ಚಮಚದಷ್ಟು ಕಂದು ನೀರು.

ಇವರು ಸ್ನಾನ ಮಾಡಿ ಬಂದರು, ನಿಜವಾಗಿಯೂ! ತೀರ್ಥಕ್ಕೆ ಒಡ್ಡುವ ಹಾಗೆ ಬಲಗೈ ಒಡ್ಡಿದರು. ನಾನು ಎರೆದೆ. ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಒರೆಸಿಕೊಂಡರು. ಆಮೇಲೆ ಇವರ ಮುಖ ವಿಚಿತ್ರವಾಯಿತು. ಉಳಿದದ್ದನ್ನು ನನ್ನ ಕೈಗೆ ಬಿಟ್ಟರು. ನಾಲಿಗೆಗಿಟ್ಟೆ. ತುಳಸಿ, ಶುಂಠಿ, ಜೇನು. ಶುದ್ಧ ಕೆಮ್ಮಿನ ಔಷಧಿ! ಅತ್ತೆ ಬಾಟಲಿ ತೊಳೆದಿರಲೇ ಇಲ್ಲ. ನಾನು ನೆಲಕ್ಕೆ ಕುಸಿದು ಹೊಟ್ಟೆ ಹಿಡಿದು ನಗುತ್ತಿರುವಾಗಲೇ ಊರಿನಿಂದ ಫೋನು ಬಂತು.

‘ಸಿಕ್ಕಿತಾ ಮಗ? ನನ್ನ ಪಾಲಿಗೆ ಬಂದದ್ದು ಅದು. ನಾನು ಬಾಯಿಗೆ ಮುಟ್ಟಿಸ್ಲಿಲ್ಲ, ಹಾಗೇ ನಿನಗೆ ಇಟ್ಟೆ. ಹೇಗುಂಟು ರುಚಿ?’

ನಾನು ನೆಲದಿಂದ ಎದ್ದು ಕೂತೆ. ಬಂದವರಿಗೆಲ್ಲ ಓಕ್ ಮರದ ಪಾಠ ಹೇಳುತ್ತಿದ್ದ ನನ್ನ ಗಂಡ ಅಂಗೈಯನ್ನು ನೆಕ್ಕಿದರು.

‘ಅಮ್ಮ, ಇಷ್ಟು ಒಳ್ಳೆದು ನಾನು ಜನ್ಮದಲ್ಲಿ ಕುಡಿದಿಲ್ಲ,’ ಎಂದರು. ಸುಳ್ಳು ಹೇಳುವಾಗ ತಡವರಿಸುವ ಮನುಷ್ಯ, ಆ ದಿನ ಒಂದಿಷ್ಟೂ ತಡವರಿಸಲಿಲ್ಲ.